ಗುಳ್ಳಮ್ಮನ ಉಗುರು

ಲ್ಯಾಬಿನಲ್ಲಿ ಅವಳಿಗೆ ಗುಳ್ಳಮ್ಮ ಎಂದು ಹೆಸರು ಬಿದ್ದದ್ದು ಗುಳ್ಳೆಗಳ ಮೇಲಿನ ಪ್ರೀತಿಯಿಂದಲ್ಲ, ಹಗೆಯಿಂದ. ನೀರಿನಲ್ಲಿ ಸಾಸಿವೆಕಾಳಿನಷ್ಟು ಗಾಳಿಗುಳ್ಳೆ ಕಂಡರೂ ಸಾಕು, ಮಗುವಿನ ತಲೆಯಲ್ಲಿ ಹೇನು ಕಂಡ ತಾಯಿಯ ಹಾಗೆ ತೋಳು ಮೇಲೇರಿಸಿ ಕೂತುಬಿಡುವಳು. ಅದನ್ನು ಹೊರಗೆ ಹಾಕದೆ ಊಟಕ್ಕೂ ಏಳುವವಳಲ್ಲ. ಯಾರಾದರೂ ಹೊಗಳಿದರೆ ಉಬ್ಬುವ ಹೆಂಗಸಲ್ಲ ಅವಳು; ಹೊಗಳದಿದ್ದರೆ ಮಾತ್ರ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಿದ್ದಳು.

ಅವಳ ಅಪ್ಪ ನೆಲಕ್ಕೆ ಟೈಲ್ಸ್ ಹಾಕುವ ಮೇಸ್ತ್ರಿ. ಕೆಲಸ ಮುಗಿದ ಮೇಲೆ ಮೊಣಕಾಲೂರಿ ಕೂತು, ಒಂದೊಂದು ಬಿಲ್ಲೆಯನ್ನೂ ಉಗುರಿನಿಂದ ಟಕ್ ಟಕ್ ಎಂದು ತಟ್ಟಿ, ಕಿವಿಗೊಟ್ಟು ಕೇಳಿ, ಅಡಿಯಲ್ಲಿ ಸಿಮೆಂಟು ಕೂರದ ಕಡೆ ‘ಇದು ಟೊಳ್ಳು’ ಎಂದು ಸೀಮೆಸುಣ್ಣದ ಗೀಟು ಎಳೆಯುತ್ತಿದ್ದ. ಹಿಂದೆಯೇ ಅಂಬೆಗಾಲಿಡುತ್ತ ಬರುತ್ತಿದ್ದ ಮಗಳು ಗೀಟನ್ನು ಅಳಿಸುತ್ತಿದ್ದಳು. ಅಪ್ಪನ ಕಸುಬು ಅವಳಿಗೆ ಬರಲಿಲ್ಲ, ಅಪ್ಪನ ಚಟ ಬಂತು. ಗೋಡೆ, ಬಾಗಿಲು, ಕಲ್ಲಂಗಡಿ, ಬ್ರೆಡ್ಡು, ಹಾಲಿನ ಪ್ಯಾಕೆಟ್ಟು, ಎಲ್ಲದಕ್ಕೂ ಟಕ್ ಟಕ್. ಮದುವೆಯಾದ ಹೊಸದರಲ್ಲಿ ಗಂಡನ ಬೆನ್ನಿಗೂ ಹಾಗೆ ತಟ್ಟಿದಾಗ, ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಆ ಸಾಧು ಮನುಷ್ಯ ಕೇಳಿದ್ದ: “ಏನು ಗೊತ್ತಾಯ್ತು? ಟೊಳ್ಳಾ, ಗಟ್ಟಿಯಾ?”

“ಇನ್ನೂ ಗೊತ್ತಾಗ್ಲಿಲ್ಲ, ತಡೀರಿ,” ಅಂದಿದ್ದಳು.

ಓದು ಮುಗಿದ ಮೇಲೆ ಸಿಕ್ಕ ಮೊದಲ ಕೆಲಸ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ. ಬಸುರಿಯರ ಹೊಟ್ಟೆಗೆ ತಣ್ಣಗಿನ ಜೆಲ್ ಹಚ್ಚುವುದು, ಸ್ಕ್ಯಾನ್ ಮುಗಿದ ಮೇಲೆ ಒರೆಸಲು ಟವೆಲು ಹಿಡಿದು ನಿಲ್ಲುವುದು. ಜೆಲ್ಲಿನಲ್ಲಿ ಗಾಳಿ ಸೇರಿದರೆ ಯಂತ್ರದ ಸದ್ದು ಅಲ್ಲಿಂದಾಚೆಗೆ ಹೋಗುವುದಿಲ್ಲ, ಮಗುವಿನ ಬದಲು ಕತ್ತಲೆ ಕಾಣುತ್ತದೆ ಎಂಬುದನ್ನು ಅವಳು ಕಲಿತದ್ದು ಅಲ್ಲಿಯೇ. ಡಾಕ್ಟರು ಪರದೆಯ ಮೇಲೆ ಪುಟ್ಟ ಮೂಗು ತೋರಿಸಿದಾಗ ತಾಯಂದಿರು ಕಣ್ಣು ತುಂಬಿಕೊಂಡು ಡಾಕ್ಟರ ಕಡೆ ತಿರುಗಿ ಥ್ಯಾಂಕ್ಸ್ ಹೇಳುತ್ತಿದ್ದರು. ಗುಳ್ಳಮ್ಮನ ಪಾಲಿಗೆ ಉಳಿಯುತ್ತಿದ್ದುದು ಅಂಟಂಟು ಟವೆಲು. ಒಂದು ದಿನ ತಾನೂ ನಾಲ್ಕು ಜನರ ಮುಂದೆ ನಿಂತು, ‘ಇದು ನಾನು ಕಂಡದ್ದು, ನೋಡಿ’ ಎನ್ನಬೇಕು ಎಂಬ ಆಸೆ ಅವಳಲ್ಲಿ ಹುಟ್ಟಿದ್ದು ಆ ಟವೆಲು ಹಿಂಡುವಾಗ. ಯಾರಿಗೂ ಹೇಳಿರಲಿಲ್ಲ. ಆಸೆ ಎಂಬುದು ಹಸಿ ಗೋಡೆ. ಒಣಗುವ ಮೊದಲು ಮುಟ್ಟಬಾರದು.

ಮಗಳು ಹುಟ್ಟಿದ ಮೇಲೆ ಸೆಂಟರಿನ ಹೊತ್ತುಗೊತ್ತು ಹೊಂದದೆ ಈ ಲ್ಯಾಬಿಗೆ ಬಂದಳು. ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ ಎರಡು ಕೋಣೆ. ಮೊದಲನೆಯದರಲ್ಲಿ ಜೀವಕೋಶಗಳನ್ನು ಬೆಚ್ಚಗಿಟ್ಟು ಬೆಳೆಸುವ ಪೆಟ್ಟಿಗೆ. ಎರಡನೆಯದರಲ್ಲಿ ಯಂತ್ರ, ಅಂದರೆ ಹಳೆಯ ಮೀನಿನ ತೊಟ್ಟಿಯಂಥ ಒಂದು ಗಾಜಿನ ತೊಟ್ಟಿ, ತಳದಲ್ಲಿ ಒಳಕ್ಕೆ ಬಾಗಿದ ಒಂದು ಬಿಲ್ಲೆ. ಸ್ವಿಚ್ಚು ಹಾಕಿದರೆ ಬಿಲ್ಲೆ ಕಿವಿಗೆ ಕೇಳಿಸದಷ್ಟು ವೇಗವಾಗಿ ನಡುಗುತ್ತದೆ. ಆ ಸದ್ದು ನೀರಿನಲ್ಲಿ ಸಾಗಿ, ಭೂತಗನ್ನಡಿ ಬಿಸಿಲನ್ನು ಒಂದು ಚುಕ್ಕೆಗೆ ತರುವ ಹಾಗೆ, ಒಂದೇ ಜಾಗದಲ್ಲಿ ಕೂಡಿಕೊಳ್ಳುತ್ತದೆ. ಅಲ್ಲಿಗೆ ಸರಿಯಾಗಿ ಅಂಗೈಗಿಂತ ಚಿಕ್ಕ ಪ್ಲೇಟೊಂದನ್ನು ಇಡಬೇಕು. ಪ್ಲೇಟಿನ ತಳಕ್ಕೆ ಕಚ್ಚಿಕೊಂಡು ಬೆಳೆದ ಜೀವಕೋಶಗಳಿಗೆ ಒತ್ತಡದ ಅಲೆ ಬಡಿಯುತ್ತದೆ. ಬಡಿದದ್ದು ಅವಕ್ಕೆ ಗೊತ್ತಾಗುತ್ತದೆಯೇ? ಅದೇ ಪ್ರಶ್ನೆ. ಗೊತ್ತಾದರೆ ಬೆಚ್ಚುತ್ತವೆ, ಬೆಚ್ಚಿದರೆ ಅವುಗಳೊಳಗೆ ತುಂಬಿದ ಬಣ್ಣ ಹಸಿರಾಗಿ ಮಿಂಚುತ್ತದೆ. ಮಿಂಚಲು ಸ್ವಲ್ಪ ಹೊತ್ತು, ಆರಲು ಸ್ವಲ್ಪ ಹೊತ್ತು.

ಇದರ ನಡುವೆ ಪ್ಲೇಟಿನ ಅಡಿಯಲ್ಲಿ ಗುಳ್ಳೆಯೊಂದು ಸೇರಿದರೆ ಮುಗಿಯಿತು. ಅಲೆಗೆ ಅದೇ ಕೊಡೆ. ಅದಕ್ಕೇ ಗುಳ್ಳಮ್ಮ ದಿನ ಬೆಳಗಾದರೆ ನೀರು ಕುದಿಸಿ, ಮುಚ್ಚಿಟ್ಟು ಆರಿಸಿ, ಗಾಳಿ ಬಿಟ್ಟುಹೋದ ನೀರನ್ನು ಮಗುವಿಗೆ ಎರೆಯುವ ಹಾಗೆ ಮೆಲ್ಲಗೆ ತೊಟ್ಟಿಗೆ ತುಂಬುತ್ತಿದ್ದಳು. ಅಷ್ಟಾದರೂ ಮಧ್ಯಾಹ್ನದ ಹೊತ್ತಿಗೆ ನೀರು ಕೋಣೆಯ ಗಾಳಿ ಕುಡಿದು ಒಂದೊಂದೇ ಗುಳ್ಳೆ ಬಿಡುತ್ತಿತ್ತು. ಪ್ಲೇಟಿನಡಿ ಗುಳ್ಳೆ ಕಂಡರೆ ಅಂಚಿಗೆ ಉಗುರಿನಿಂದ ಟಕ್ ಟಕ್. ಗುಳ್ಳೆ ಹೊರಗೆ.

ಜೀವಕೋಶಗಳಿಗೆ ಅಲೆ ಗೊತ್ತಾಗುತ್ತದೆ ಎನ್ನುವುದು ಗುಳ್ಳಮ್ಮನ ಪಕ್ಷ. ಅವಳ ಪ್ಲೇಟುಗಳು ಮಿಂಚುತ್ತಿದ್ದವು. ಇಷ್ಟು ಮೆಲ್ಲಗಿನ ಅಲೆಯಾದರೆ ಗೊತ್ತಾಗುವುದಿಲ್ಲ ಎನ್ನುವುದು ಅವಳ ಜೊತೆಗಾರನ ಪಕ್ಷ. ಅವನು ಅವಳಿಗಿಂತ ಚಿಕ್ಕವನು, ಪಿಎಚ್‌ಡಿ ಮಾಡುತ್ತಿದ್ದವನು, ಲ್ಯಾಬಿನವರ ಬಾಯಲ್ಲಿ ನಿಧಾನಿ. ಒಂದು ಪ್ಲೇಟನ್ನು ನೀರಿಗಿಳಿಸಬೇಕಾದರೆ ಓರೆಯಾಗಿ ಹಿಡಿದು, ಉಸಿರು ಕಟ್ಟಿ, ಬೆಣ್ಣೆಯಿಂದ ಕೂದಲು ತೆಗೆಯುವವನ ಹಾಗೆ ಇಳಿಸುವನು. ಅಷ್ಟು ಹೊತ್ತಿಗೆ ಗುಳ್ಳಮ್ಮನದು ಮೂರು ಪ್ಲೇಟು ಆಗಿರುತ್ತಿತ್ತು. ಅವನ ಪ್ಲೇಟು ಒಂದೂ ಮಿಂಚುತ್ತಿರಲಿಲ್ಲ.

“ನಿನ್ನ ಕೈಯಲ್ಲಿ ಅವಕ್ಕೆ ನಿದ್ದೆ ಬರುತ್ತೆ ಕಣೋ ತಮ್ಮಾ,” ಎಂದು ಅವಳು ಚುಡಾಯಿಸುವಳು. “ಬೆಚ್ಚೋದೆಲ್ಲಿ, ಆಕಳಿಸ್ತವೆ.”

“ಸದ್ದು ಹಾಕ್ದೇನೂ ನೋಡಿದ್ದೀರಾ ಅಕ್ಕ?”

“ದಿನಾ ಬೆಳಿಗ್ಗೆ ಮೊದಲು ಅದನ್ನೇ ನೋಡೋದು. ಸದ್ದಿಲ್ಲ, ಮಿಂಚಿಲ್ಲ. ಆಮೇಲೆ ಸದ್ದು ಹಾಕಿದ್ರೆ ಮಿಂಚು. ಇನ್ನೇನು ಬೇಕು ನಿನಗೆ, ಜೀವಕೋಶ ಬಂದು ಸಹಿ ಹಾಕ್ಬೇಕಾ?”

ಈ ಜಗಳ ಇತ್ಯರ್ಥವಾಗುವ ಕಾಲವೂ ಬಂತು. ಬರುವ ತಿಂಗಳು ಇಂಥದೇ ಕೆಲಸ ಮಾಡುವ ಲ್ಯಾಬುಗಳವರೆಲ್ಲ ಸೇರುವ ಸಭೆಯಿತ್ತು. ಲ್ಯಾಬಿನ ಒಡತಿ, ಎಲ್ಲರೂ ಮೇಡಂ ಎನ್ನುತ್ತಿದ್ದ ಬಿಳಿಗೂದಲಿನ ವಿಜ್ಞಾನಿ, ಒಂದು ಮಾತು ಹೇಳಿದ್ದರು: ಯಾರ ಮಾತು ನಿಜವೋ ಅವರೇ ವೇದಿಕೆಯ ಮೇಲೆ ನಿಂತು ಹೇಳಬೇಕು, ಈ ವರ್ಷ ಬೆಳಗಿನ ಹೊತ್ತು ಯಂತ್ರವೂ ಅವರದೇ. ಗುಳ್ಳಮ್ಮ ಅಂದು ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು, “ನಮಸ್ಕಾರ, ಇದು ನಾನು ಕಂಡದ್ದು,” ಎಂದು ನೋಡಿದಳು. ಅವಳ ನಾಲ್ಕು ವರ್ಷದ ಪುಟ್ಟಿ ಹಿಂದಿನಿಂದ ಚಪ್ಪಾಳೆ ತಟ್ಟಿತು. ಒಬ್ಬ ಸಭಿಕಳಾದರೂ ಸಿಕ್ಕಳು.

ಆದರೆ ಆ ಲ್ಯಾಬಿನದೊಂದು ಕಟ್ಟಳೆಯಿತ್ತು. ಯಾವ ಫಲಿತಾಂಶವೂ ಗುಂಡಿ ಪರೀಕ್ಷೆ ಗೆಲ್ಲದೆ ಹೊಸ್ತಿಲು ದಾಟುವಂತಿಲ್ಲ. ಯಂತ್ರದ ಸ್ವಿಚ್ಚಿಗೆ ಅಡ್ಡಲಾಗಿ ಒಂದು ಹಳೆಯ ಹೊದಿಕೆ ಇಳಿಬಿಡುತ್ತಿದ್ದರು. ಹೊದಿಕೆಯ ಹಿಂದೆ ಕೂರುವವರು ಆ ಕೆಲಸದ ಗಂಧಗಾಳಿ ತಿಳಿಯದವರಾಗಿರಬೇಕು. ಅವರ ಕೈಯಲ್ಲೊಂದು ಚೀಲ, ಅದರಲ್ಲಿ ಅಂಗಿಯ ಗುಂಡಿಗಳು, ಅರ್ಧ ಬಿಳಿ, ಅರ್ಧ ಕರಿ. ಪ್ರತಿ ಪ್ಲೇಟಿಗೂ ನೋಡದೆ ಒಂದು ಗುಂಡಿ ತೆಗೆಯಬೇಕು. ಬಿಳಿ ಬಂದರೆ ಸ್ವಿಚ್ಚು ಹಾಕಿ ಆರಿಸಬೇಕು, ಕರಿ ಬಂದರೆ ಸುಮ್ಮನಿರಬೇಕು. ಗುಂಡಿಯನ್ನು ಮೊಟ್ಟೆ ಇಡುವ ರಟ್ಟಿನ ತಟ್ಟೆಯ ಕುಳಿಗಳಲ್ಲಿ ಸಾಲಾಗಿ ಇಟ್ಟು, ‘ಆಯ್ತು’ ಅನ್ನಬೇಕು. ಈಚೆ ಕೂತವರು ಆಗ ಮೈಕ್ರೋಸ್ಕೋಪಿನಲ್ಲಿ ನೋಡಿ ಮಿಂಚಿತೋ ಇಲ್ಲವೋ ಹೇಳಬೇಕು. ಅದಕ್ಕೆ ಮೊದಲು ಇಣುಕುವಂತಿಲ್ಲ, ಬೆಳಕು ಬಿದ್ದರೆ ಬಣ್ಣ ಮಾಸುತ್ತದೆ. ಸದ್ದಂತೂ ಯಾರ ಕಿವಿಗೂ ಬೀಳುವಂಥದ್ದಲ್ಲ. ಮೋಸಕ್ಕೆ ಜಾಗವೇ ಇಲ್ಲ ಎಂದು ಮೇಡಂ ನಂಬಿದ್ದರು. ಅವರಿಗೆ ಗುಳ್ಳಮ್ಮನ ಅತ್ತೆಯ ಪರಿಚಯವಿರಲಿಲ್ಲ.

ಹೊದಿಕೆಯ ಹಿಂದೆ ಸಾಮಾನ್ಯವಾಗಿ ಕೂರುತ್ತಿದ್ದವನು ಕಟ್ಟಡದ ಕಾವಲುಗಾರ. ಆ ಮಧ್ಯಾಹ್ನ ಅವನಿಗೆ ಕೆಮ್ಮು, ಗುಂಡಿ ಎಣಿಸುವುದಕ್ಕಿಂತ ಕೆಮ್ಮುವುದೇ ಹೆಚ್ಚಾಗಿ ಮನೆಗೆ ಹೋಗಿದ್ದ. ಯಾರು ಕೂರುವುದು ಎಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುವಾಗ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು. ಸೊಸೆ ಕನ್ನಡಕ ಮರೆತುಬಂದಿದ್ದಳು, ಅದನ್ನು ಕೊಡುವ ನೆಪ. ನಿಜವಾದ ಕಾರಣ, ಸೊಸೆ ದಿನವಿಡೀ ಏನು ಮಾಡುತ್ತಾಳೆ ಎಂದು ನೋಡುವುದು. ಬದುಕಿನುದ್ದಕ್ಕೂ ಶಾಲಾ ಮಕ್ಕಳ ಅಂಗಿ ಹೊಲಿದ ಹೆಂಗಸು. ಕೈ ಸುಮ್ಮನಿದ್ದರೂ ಬಾಯಿ ಹೊಲಿಗೆ ಹಾಕುತ್ತಲೇ ಇರುತ್ತಿತ್ತು.

“ಇವರಿಗೆ ನಮ್ಮ ಕೆಲಸ ಏನೂ ಗೊತ್ತಿಲ್ಲ ತಾನೆ?” ಎಂದರು ಮೇಡಂ.

“ಮೇಡಂ, ಅತ್ತೆ-ಸೊಸೆ ಅಲ್ವಾ,” ಎಂದು ನಿಧಾನಿ ರಾಗ ಎಳೆದ.

“ಅದಕ್ಕೇ ಹೇಳ್ತಿರೋದು. ಅತ್ತೆ ಸೊಸೆ ಪರ ನಿಂತಿದ್ದನ್ನ ನೀನು ಎಲ್ಲಾದ್ರೂ ಕಂಡಿದ್ದೀಯಾ?”

ಅತ್ತೆ ಗುಂಡಿಯ ಚೀಲ ನೋಡಿದ್ದೇ ಅರಳಿಬಿಟ್ಟರು. “ಗುಂಡಿ ಕೆಲಸ ತಾನೆ? ಅಷ್ಟಕ್ಕೆ ಇಷ್ಟು ಓದ್ಬೇಕಾ? ಕೊಡಿ ಇಲ್ಲಿ.” ಮೇಡಂ ಎರಡೆರಡು ಸಲ ವಿವರಿಸಿದರು. ಅತ್ತೆ ಎರಡೆರಡು ಸಲ ತಲೆಯಾಡಿಸಿದರು. ಹೊದಿಕೆಯ ಹಿಂದೆ ಹೋಗುವ ಮೊದಲು ತೊಟ್ಟಿಯತ್ತ ಬಾಗಿ, “ಇದಕ್ಕೆ ನೋಯಲ್ವಾ?” ಎಂದು ಮಾತ್ರ ಕೇಳಿದರು.

“ಅದನ್ನೇ ಅತ್ತೆ ನಾವೂ ಕೇಳ್ತಿರೋದು.”

ಪರೀಕ್ಷೆ ಶುರುವಾಯಿತು. ಗುಳ್ಳಮ್ಮ ಪ್ಲೇಟು ಇಳಿಸುವಳು, ಗುಳ್ಳೆ ಇದ್ದರೆ ಬಿಡಿಸುವಳು, ‘ತಯಾರು’ ಎನ್ನುವಳು. ಹೊದಿಕೆಯ ಹಿಂದೆ ಗುಂಡಿಗಳ ಸರಪರ. ‘ಆಯ್ತು ಕಣೇ.’ ಅವಳು ಇಣುಕುವಳು. ಒಮ್ಮೆ ಕಗ್ಗತ್ತಲೆ, ಒಮ್ಮೆ ಮಿಂಚುಹುಳುಗಳ ಊರು. ಅವಳು ಹೇಳಿದ್ದನ್ನು ಮೇಡಂ ಬರೆದುಕೊಳ್ಳುತ್ತಿದ್ದರು. ನಿಧಾನಿ ಕೈಕಟ್ಟಿ, ಗುಳ್ಳಮ್ಮನ ಕೈಯನ್ನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದ. ಅವನಿಗೆ ಏನೂ ಕಾಣಲಿಲ್ಲ. ಮನೆಯ ಗೋಡೆಗಡಿಯಾರದ ಸದ್ದು ಮನೆಯವರಿಗೆ ಕೇಳಿಸುವುದಿಲ್ಲ. ಗುಳ್ಳಮ್ಮನ ಟಕ್ ಟಕ್ ಆ ಲ್ಯಾಬಿನವರಿಗೆ ಹಾಗಾಗಿಹೋಗಿತ್ತು.

ಕೊನೆಗೆ ಮೇಡಂ ತಮ್ಮ ಹಾಳೆಯನ್ನೂ ಮೊಟ್ಟೆಯ ತಟ್ಟೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತರು. ಮಿಂಚಿದ ಕಡೆಯೆಲ್ಲ ಬಿಳಿ ಗುಂಡಿ. ಮಿಂಚದ ಕಡೆಯೆಲ್ಲ ಕರಿ ಗುಂಡಿ. ಒಂದೂ ತಪ್ಪಿಲ್ಲ. ಮೇಡಂ ಮತ್ತೊಮ್ಮೆ ನೋಡಿದರು. ಜನ್ಮದಲ್ಲಿ ಅವರು ಇಷ್ಟು ಚೊಕ್ಕ ಫಲಿತಾಂಶ ಕಂಡಿರಲಿಲ್ಲ. ನಿಜವಾದ ಕೆಲಸ ಇಷ್ಟು ಚೊಕ್ಕವಾಗಿರುವುದಿಲ್ಲ ಎಂಬ ಅನುಮಾನ ಅವರಿಗೆ ಬಂದಿತೋ ಏನೋ, ಆದರೆ ಕಣ್ಣೆದುರಿನ ಗುಂಡಿಗಳಿಗೆ ಯಾರು ಎದುರಾಡುತ್ತಾರೆ?

“ವೇದಿಕೆ ನಿನ್ನದು,” ಅಂದರು.

ನಿಧಾನಿ ಎದ್ದು ಬಂದು, “ಸೋತೆ ಅಕ್ಕ,” ಎಂದು ಕೈಕುಲುಕಿದ. ಅದೇ ಅವಳಿಗೆ ಸ್ವಲ್ಪ ಚುಚ್ಚಿದ್ದು. ಜಗಳವಾಡಿದ್ದರೆ ಗೆದ್ದ ರುಚಿ ಇನ್ನೂ ಚೆನ್ನಾಗಿರುತ್ತಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತು ಒಬ್ಬರೇ ನಗುತ್ತಿದ್ದರು. ಎರಡು ನಿಲ್ದಾಣ ದಾಟುವವರೆಗೆ ತಡೆದುಕೊಂಡರು, ಮೂರನೆಯದಕ್ಕೆ ಆಗಲಿಲ್ಲ. ಸೊಸೆಯ ಪಕ್ಕೆಗೆ ಮೊಣಕೈಯಿಂದ ತಿವಿದರು.

“ಹೇಗಿತ್ತು ನನ್ನ ಕೆಲಸ?”

“ಚೆನ್ನಾಗಿ ಮಾಡಿದ್ರಿ ಅತ್ತೆ. ಒಂದೂ ತಪ್ಪಿಲ್ಲ.”

“ತಪ್ಪಾಗೋದು ಹೇಗೆ? ನೀನು ಅಷ್ಟು ಚೆನ್ನಾಗಿ ಸನ್ನೆ ಕೊಡ್ತಿದ್ದೆ.”

“ಯಾವ ಸನ್ನೆ?”

“ಅಯ್ಯೋ ನಾಟಕವೇ. ಇಲ್ಲಿ ಯಾರೂ ಕೇಳಿಸ್ಕೊಳ್ತಿಲ್ಲ ಬಿಡು.” ಅತ್ತೆ ಮುಂದಿನ ಸೀಟಿನ ಕಂಬಿಗೆ ಉಗುರಿನಿಂದ ತಟ್ಟಿದರು. ಟಕ್ ಟಕ್. “ಹೀಗೆ ಬಂದ್ರೆ ಬಿಳಿ. ಸುಮ್ಮನಿದ್ರೆ ಕರಿ. ಮೊದಮೊದಲು ನನಗೆ ಗೊತ್ತಾಗ್ಲಿಲ್ಲ. ಎರಡು ಮೂರು ಸಲ ಆದ್ಮೇಲೆ ನೋಡ್ತೀನಿ, ಟಕ್ ಟಕ್ ಅಂದಾಗೆಲ್ಲ ನೀನು ಮಿಂಚಿತು ಅಂತೀಯ. ಓಹೋ, ನನ್ನ ಸೊಸೆ ಜಾಣೆ, ಅತ್ತೆಗೆ ದಾರಿ ತೋರಿಸ್ತಿದ್ದಾಳೆ ಅಂತ, ಮೊದಲಿನ ಗುಂಡಿಗಳನ್ನೂ ಸರಿಮಾಡಿಟ್ಟೆ. ಆಮೇಲೆ ನೀನು ನೋಡೋದಕ್ಕೂ ಕಾಯಲಿಲ್ಲ.”

ಗುಳ್ಳಮ್ಮ ಪೂರ್ತಿ ಅತ್ತೆಯ ಕಡೆ ತಿರುಗಿದಳು. “ಅತ್ತೆ, ಬಿಳಿ ಗುಂಡಿ ಇಟ್ಟಾಗ ಸ್ವಿಚ್ಚು ಹಾಕಿದ್ರಿ ತಾನೆ?”

“ಸ್ವಿಚ್ಚು ಯಾಕೆ? ಗುಂಡಿ ಸರಿಯಾಗಿದ್ರೆ ಸಾಲ್ದಾ? ಅದೂ ಅಲ್ದೆ ಸ್ವಿಚ್ಚಿನ ಮೇಲಿರೋ ಆ ಕೆಂಪು ದೀಪ ಕಂಡ್ರೆ ನನಗೆ ಆಗಲ್ಲ. ಮುಟ್ಟಲೇ ಇಲ್ಲ.”

“ಒಂದು ಸಲಾನೂ?”

“ಒಂದು ಸಲಾನೂ. ಪಾಪ, ಅವಕ್ಕೂ ನೋವಾಗಲಿಲ್ಲ, ನಿನಗೂ ಗೆಲುವಾಯ್ತು.”

ಬಸ್ಸು ಬ್ರೇಕು ಹಾಕಿದ್ದಕ್ಕೆ ಎಲ್ಲರೂ ಮುಂದಕ್ಕೆ ವಾಲಿದರು. ಗುಳ್ಳಮ್ಮ ವಾಲಿದವಳು ಹಾಗೆಯೇ ಇದ್ದಳು. ಅತ್ತೆಯ ಕಳ್ಳಾಟ ಒಂದು ತೂಕವಾದರೆ ಅದರ ಹಿಂದಿನದು ಹತ್ತು ತೂಕ. ಸ್ವಿಚ್ಚು ಹಾಕೇ ಇಲ್ಲ. ಸದ್ದೇ ಇಲ್ಲ. ಆದರೂ ಅರ್ಧ ಪ್ಲೇಟುಗಳು ಮಿಂಚಿವೆ. ಅವಳೇ ಕಣ್ಣಾರೆ ಕಂಡಿದ್ದಾಳೆ. ಹಾಗಾದರೆ ಜೀವಕೋಶಗಳು ಬೆಚ್ಚಿದ್ದು ಯಾತಕ್ಕೆ? ಅವಳು ತನ್ನ ಬಲಗೈಯ ತೋರುಬೆರಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು, ಪಕ್ಕದವರು ನೋಡಿಬಿಟ್ಟಾರು ಎನ್ನುವ ಹಾಗೆ.

ಒಂದೊಂದೇ ಎಳೆ ಬಿಚ್ಚಿಕೊಂಡಿತು. ಬೆಳಿಗ್ಗೆ ನೀರು ಹೊಸದು, ಗುಳ್ಳೆಯಿಲ್ಲ, ತಟ್ಟುವ ಕೆಲಸವಿಲ್ಲ. ಸದ್ದಿಲ್ಲದ ಪ್ಲೇಟುಗಳನ್ನು ಅವಳು ನೋಡುತ್ತಿದ್ದುದು ಬೆಳಿಗ್ಗೆಯೇ. ಮಧ್ಯಾಹ್ನ ಗುಳ್ಳೆ ಏಳುತ್ತದೆ, ಟಕ್ ಟಕ್, ಆಮೇಲೆ ಸ್ವಿಚ್ಚು, ಆಮೇಲೆ ಮಿಂಚು. ಮಿಂಚಿನ ಕೀರ್ತಿಯೆಲ್ಲ ಸ್ವಿಚ್ಚಿಗೆ ಹೋಗಿತ್ತು. ಇನ್ನು ನಿಧಾನಿ ಪ್ಲೇಟನ್ನು ಓರೆಯಾಗಿ ಇಳಿಸುವವನು. ಅವನಿಗೆ ಗುಳ್ಳೆಯೇ ಸಿಕ್ಕಿಕೊಳ್ಳುವುದಿಲ್ಲ, ತಟ್ಟುವುದೆಲ್ಲಿಂದ ಬಂತು?

“ಅತ್ತೆ, ಇದನ್ನ ನಾನು ಮೇಡಂಗೆ ಹೇಳ್ಬೇಕು.”

“ಹುಚ್ಚಿ. ಸನ್ನೆ ಮಾಡಿದೋಳು ನೀನು, ಸಿಕ್ಕಿಬೀಳೋಳು ನಾನಾ?”

“ನಾನು ಸನ್ನೆ ಮಾಡ್ಲಿಲ್ಲ. ಗುಳ್ಳೆ ಬಿಡಿಸ್ತಿದ್ದೆ.”

ಅತ್ತೆ ಅವಳ ಮುಖ ನೋಡಿದರು. ಅವರ ಮುಖದ ಬೆಳಕು ಇಳಿಯಿತು. ಸೊಸೆ ತಮ್ಮನ್ನು ಗುಟ್ಟಿಗೆ ಸೇರಿಸಿಕೊಂಡಳು, ಮನೆಗೆ ಬಂದಾಗಿನಿಂದ ಮೊದಲ ಸಲ ಇಬ್ಬರೂ ಸೇರಿ ಒಂದು ಆಟ ಗೆದ್ದರು ಎಂದು ಅವರು ಮಧ್ಯಾಹ್ನದಿಂದ ಹಿಗ್ಗಿದ್ದರು. “ಹಾಗಾದ್ರೆ ನನ್ನ ನಂಬ್ಕೊಂಡು ತಟ್ಟಿದ್ದಲ್ಲ ನೀನು,” ಎಂದರು. ದನಿ ಸಣ್ಣದಾಗಿತ್ತು.

ಗುಳ್ಳಮ್ಮನಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. “ನಂಬಿಕೆ ಬೇರೆ ಅತ್ತೆ, ಗುಳ್ಳೆ ಬೇರೆ,” ಎಂದು ಅವರ ಕೈ ಹಿಡಿದುಕೊಂಡಳು. ಅತ್ತೆ ಬಿಡಿಸಿಕೊಳ್ಳಲಿಲ್ಲ, ಮುಖ ಮಾತ್ರ ಕಿಟಕಿಯ ಕಡೆ ತಿರುಗಿಸಿದರು.

ಸಂಜೆ ಪುಟ್ಟಿಗೆ ಊಟ ಮಾಡಿಸುವಾಗ ಅವಳು ಮನಸ್ಸಿನೊಳಗೇ ಪಂಚಾಯಿತಿ ಕೂಡಿಸಿದಳು. ಸುಮ್ಮನಿದ್ದರೆ ಏನಾಗುತ್ತದೆ? ಅತ್ತೆ ಬಾಯಿ ಬಿಡುವವರಲ್ಲ. ಯಂತ್ರ ಹಳೆಯದು, ಯಾರು ಯಾವಾಗ ಸ್ವಿಚ್ಚು ಹಾಕಿದರು ಎಂದು ಹೇಳುವಷ್ಟು ಬುದ್ಧಿ ಅದಕ್ಕಿಲ್ಲ. ವೇದಿಕೆ ಸಿಗುತ್ತದೆ, ಯಂತ್ರ ಸಿಗುತ್ತದೆ. ಆಮೇಲೆ ಎಲ್ಲೋ ಇನ್ನೊಬ್ಬಳು ಉಗುರು ಕತ್ತರಿಸಿಕೊಂಡ, ತಟ್ಟುವ ಚಟವಿಲ್ಲದ ಹೆಂಗಸು, ಗುಳ್ಳಮ್ಮನ ಲೆಕ್ಕ ನಂಬಿ, ಅದೇ ಅಲೆ ಹಾಕಿ, ಕಗ್ಗತ್ತಲೆಯನ್ನು ದಿನಗಟ್ಟಲೆ ನೋಡುತ್ತ, ತಪ್ಪು ತನ್ನದೇ ಇರಬೇಕೆಂದು ಕೂತಿರುತ್ತಾಳೆ. ನಿಧಾನಿ ಇಷ್ಟು ದಿನ ಕೂತಿದ್ದ ಹಾಗೆ. ಅವನನ್ನು ಎಷ್ಟು ಚುಡಾಯಿಸಿದ್ದಳು.

“ಏನು ಯೋಚನೆ?” ಎಂದ ಗಂಡ.

“ಕೈಗೆ ಬಂದ ತುತ್ತನ್ನ ತಟ್ಟೆಗೆ ವಾಪಸ್ ಹಾಕೋದು ಹೇಗೆ ಅಂತ.”

ಅವನಿಗೆ ಪೂರ್ತಿ ಅರ್ಥವಾಗಲಿಲ್ಲ. “ಬಾಯಿಗೆ ಹಾಕ್ಕೊಂಡಿಲ್ಲ ತಾನೆ, ಆಗುತ್ತೆ ಬಿಡು,” ಎಂದ. ಕೆಲವು ಸಲ ಅರ್ಥವಾಗದವರೇ ಸರಿಯಾದ ಮಾತು ಆಡುತ್ತಾರೆ.

ಮರುದಿನ ಬೇರೆಯವರು ಬರುವ ಮೊದಲೇ ಲ್ಯಾಬಿಗೆ ಹೋದಳು. ಯಂತ್ರದ ಪ್ಲಗ್ಗನ್ನೇ ಗೋಡೆಯಿಂದ ಕಿತ್ತು, ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲಿಟ್ಟಳು. ಹೊಸ ನೀರು, ಹೊಸ ಪ್ಲೇಟು. ಗುಳ್ಳೆ ಒಂದೂ ಇರಲಿಲ್ಲ. ಬೇಕೆಂದೇ ಅಂಚಿಗೆ ಟಕ್ ಟಕ್ ಎಂದಳು. ಕಾದು, ಇಣುಕಿದಳು. ಒಂದು ಮಿಂಚುಹುಳು, ಹತ್ತು, ಊರಿಗೆ ಊರೇ. ಇಷ್ಟು ಚೆಂದವಾಗಿ ಅವು ಯಾವತ್ತೂ ಮಿಂಚಿರಲಿಲ್ಲ. ಅವಳಿಗೆ ಅವುಗಳ ಕಿವಿ ಹಿಂಡಬೇಕು ಅನ್ನಿಸಿತು. ಮತ್ತೊಂದು ಪ್ಲೇಟು ಇಳಿಸಿ, ಬೆರಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದಳು. ಕತ್ತಲೆ.

ಮೇಡಂ ಮತ್ತು ನಿಧಾನಿ ಬಂದಾಗ ಅವಳು ಇಬ್ಬರನ್ನೂ ಕೂರಿಸಿ, ಪ್ಲಗ್ಗನ್ನು ಮೇಡಂ ಕೈಗೆ ಕೊಟ್ಟು, “ಬಿಗಿಯಾಗಿ ಹಿಡ್ಕೊಳ್ಳಿ,” ಅಂದು, ತಟ್ಟಿದಳು. ಮೇಡಂ ಇಣುಕಿದರು. ತುಂಬ ಹೊತ್ತು ಇಣುಕಿದರು. ಆಮೇಲೆ ಕೈಯಲ್ಲಿದ್ದ ಪ್ಲಗ್ಗನ್ನು ನೋಡಿದರು.

“ನಿನ್ನೆ?”

“ನಿನ್ನೆ ಸ್ವಿಚ್ಚು ಹಾಕೇ ಇಲ್ಲ ಮೇಡಂ.” ಬಸ್ಸಿನಲ್ಲಿ ಕೇಳಿದ್ದನ್ನೆಲ್ಲ, ಸನ್ನೆಯ ಕಥೆ ಸಮೇತ, ಒಂದೇ ಉಸಿರಿಗೆ ಹೇಳಿದಳು.

ಮೇಡಂ ಕುರ್ಚಿಗೆ ಒರಗಿದರು. “ಅಂದ್ರೆ ಇಷ್ಟು ದಿನ ನಾವು ಅಲೆ ಅಧ್ಯಯನ ಮಾಡ್ಲಿಲ್ಲ. ನಿನ್ನ ಉಗುರು ಅಧ್ಯಯನ ಮಾಡಿದ್ವಿ.”

ನಗು ತಡೆಯಲಾಗದೆ ನಿಧಾನಿಯ ಭುಜ ಕುಲುಕತೊಡಗಿತು. ಅದನ್ನು ಕಂಡು ಗುಳ್ಳಮ್ಮನೂ, ಅವಳನ್ನು ಕಂಡು ಮೇಡಂ ಕೂಡ ಬಾಯಿಗೆ ಕೈ ಹಿಡಿದರು.

“ನೀನೇ ಗೆದ್ದೆ ನೋಡು,” ಎಂದಳು ಅವಳು ಅವನಿಗೆ, ಕಣ್ಣೊರೆಸಿಕೊಳ್ಳುತ್ತ. “ನಿನ್ನ ಜೀವಕೋಶಗಳು ನಿದ್ದೆ ಮಾಡ್ತಿರಲಿಲ್ಲ. ನಾನೇ ನನ್ನವುಗಳ ಬಾಗಿಲು ಬಡೀತಿದ್ದೆ.”

“ಗೆದ್ದೆ ಅಂತ ಹೇಳ್ಕೊಳ್ಳೋದು ಹೇಗೆ ಅಕ್ಕ? ನನ್ನ ಪ್ಲೇಟು ಏನೂ ಮಾಡಲಿಲ್ಲ ಅಂತ ಊರೂರು ಸಾರೋದಾ?”

“ಯಂತ್ರ ಬೆಳಗಿನ ಹೊತ್ತು ನಿನ್ನದು,” ಎಂದರು ಮೇಡಂ ಅವನಿಗೆ. ಮಾತು ಕತ್ತರಿಸಿದ ಹಾಗಿತ್ತು, ಗುಳ್ಳಮ್ಮ ತಲೆಯಾಡಿಸಿದಳು. ನ್ಯಾಯವೇ. ಮೇಡಂ ಎದ್ದು ಬಾಗಿಲವರೆಗೆ ಹೋದವರು ಗುಳ್ಳಮ್ಮನ ಕಡೆ ತಿರುಗಿ ನಿಂತರು. “ವೇದಿಕೆ ಮಾತ್ರ ನಿನ್ನದೇ. ಹೋಗಿ ಇದನ್ನೇ ಹೇಳು.”

“ಯಾವುದನ್ನ? ನಾನು ತಪ್ಪು ಮಾಡಿದ್ದನ್ನಾ?”

“ಅಷ್ಟು ಜನರಲ್ಲಿ ಪ್ಲೇಟು ತಟ್ಟೋಳು ನೀನೊಬ್ಬಳೇ ಅಂತ ತಿಳ್ಕೊಂಡಿದ್ದೀಯಾ?”

ಸಭೆಯ ದಿನ ಅತ್ತೆ ಬಂದೇ ಬರುವೆನೆಂದು ಹಟ ಹಿಡಿದರು. ತಮ್ಮ ಹೆಸರನ್ನು ಅಲ್ಲಿ ಎತ್ತುವುದಾದರೆ ಮುಂಚೆಯೇ ಹೇಳಬೇಕು, ಒಳ್ಳೆಯ ಬಟ್ಟೆ ಇಸ್ತ್ರಿ ಮಾಡಿಸಬೇಕು ಎಂದರು. ಹೆಸರು ಎತ್ತುವುದಿಲ್ಲ ಎಂದು ತಿಳಿದ ಮೇಲೆ ಮುಖ ಊದಿಸಿದರು. ಆದರೂ ಪುಟ್ಟಿಯನ್ನು ಮಗನಿಗೆ ಒಪ್ಪಿಸಿ ಬಂದು ಕೊನೆಯ ಸಾಲಿನಲ್ಲಿ ಕೂತರು.

ಗುಳ್ಳಮ್ಮ ವೇದಿಕೆ ಹತ್ತಿದಳು. ಬೆರಳು ಮೈಕಿನತ್ತ ಹೋಗಿ ತಟ್ಟಲು ನೋಡಿತು, ಹಿಡಿದು ನಿಲ್ಲಿಸಿದಳು. ತೊಟ್ಟಿ, ಗುಳ್ಳೆ, ಹೊದಿಕೆ, ಬಿಳಿ ಕರಿ ಗುಂಡಿ, ಕಿತ್ತಿಟ್ಟ ಪ್ಲಗ್ಗು, ಎಲ್ಲವನ್ನೂ ನಡೆದದ್ದು ನಡೆದ ಹಾಗೆ ಹೇಳಿದಳು. ಹೊದಿಕೆಯ ಹಿಂದೆ ಕೂತವರು ಯಾರೆಂದು ಮಾತ್ರ ಹೇಳಲಿಲ್ಲ, ‘ನಮ್ಮ ಮನೆಯ ಹಿರಿಯರೊಬ್ಬರು’ ಅಂದಳು. ಕೊನೆಯ ಸಾಲಿನಲ್ಲಿ ಒಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದ್ದು ಅವಳಿಗೆ ಕಂಡಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾತು ಮುಗಿಯುವ ಹೊತ್ತಿಗೆ ಇಲ್ಲಿ ಹಲವರು ತಂತಮ್ಮ ಬೆರಳ ತುದಿ ನೋಡಿಕೊಳ್ಳುತ್ತಿದ್ದರು. ಎರಡನೆಯ ಸಾಲಿನಲ್ಲಿದ್ದ, ದೊಡ್ಡ ಹೆಸರಿನ ಲ್ಯಾಬೊಂದರ ಹಿರಿಯರು ಕೈ ಎತ್ತಿದರು. ಅಲೆಯ ಬಲದ ಬಗ್ಗೆ, ಬಣ್ಣದ ಬಗ್ಗೆ, ಲೆಕ್ಕದ ಬಗ್ಗೆ ಕಷ್ಟದ ಪ್ರಶ್ನೆ ಬರುತ್ತದೆಂದು ಅವಳು ಮನಸ್ಸಿನಲ್ಲೇ ಉತ್ತರ ಜೋಡಿಸಿಕೊಂಡಳು.

“ಅಲ್ಲಮ್ಮಾ,” ಎಂದರು ಅವರು, ಗಂಟಲು ಸರಿಮಾಡಿಕೊಂಡು, “ತಟ್ಟದೆ ಗುಳ್ಳೆ ಬಿಡಿಸೋದು ಹೇಗೆ?”

ಗುಳ್ಳಮ್ಮ ಸಭೆಯಲ್ಲಿ ನಿಧಾನಿಯನ್ನು ಹುಡುಕಿದಳು. ಅವನು ಕುರ್ಚಿಯಲ್ಲಿ ಇನ್ನಷ್ಟು ಕೆಳಗೆ ಜಾರಿದ್ದ. “ಅದನ್ನ ಹೇಳೋಕೆ ನನಗಿಂತ ಯೋಗ್ಯರು ಅಲ್ಲಿದ್ದಾರೆ,” ಎಂದು ಅವನತ್ತ ಕೈತೋರಿಸಿದಳು. “ಏಳಪ್ಪ, ಬಾ ಇಲ್ಲಿ. ಓರೆಯಾಗಿ ಹೇಗೆ ಇಳಿಸ್ತೀಯ ತೋರಿಸು. ನಿಧಾನವಾಗಿ.”

ಅವನು ಬಂದು, ನೀರು ಕುಡಿಯುವ ಲೋಟವೊಂದನ್ನೇ ತೊಟ್ಟಿ ಮಾಡಿಕೊಂಡು ತೋರಿಸತೊಡಗಿದ. ಅವಳು ಪಕ್ಕದಲ್ಲಿ ಮೈಕು ಹಿಡಿದು ನಿಂತು, ಅವನು ಮಾಡಿದ್ದನ್ನು ಮಾತಿನಲ್ಲಿ ಹೇಳುತ್ತ ಹೋದಳು. ಹಿರಿಯರು ಕನ್ನಡಕ ಏರಿಸಿಕೊಂಡು ಬರೆದುಕೊಳ್ಳುತ್ತಿದ್ದರು. ಅವರ ಹಿಂದಿನ ಸಾಲಿನವರು ಅವರ ಹೆಗಲ ಮೇಲಿಂದ ನೋಡಿ ನಕಲು ಮಾಡಿಕೊಳ್ಳುತ್ತಿದ್ದರು.